ಪೂಲಿನ ಮೇಲೆ ನನ್ನ ಹಿಂದೆ

ಹೋದ ಶ್ರಾವಣದಲ್ಲಿ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟಿದ್ದೆ. ಜಲಪಾತದ ಹತ್ತಿರ ಬಸ್ಸಿನ ಟಾಯರು ಪಂಕ್ಚರ್ ಆಗಿ ಎಲ್ಲರನ್ನೂ ಇಳಿಸಿದರು. ರಸ್ತೆಯ ಬದಿಗೆ ಒಂದು ಕಲ್ಲಿನ ಮೇಲೆ ಕುಳಿತಿದ್ದೆ. ಕೆಳಗಿನಿಂದ ಗಾಳಿ ಬೀಸಿತು. ಗಿರಣಿಯ ಹತ್ತಿಯ ಧೂಳು ಮತ್ತು ಹೊಸ ನೀರಿನ ಕೆಂಪು ಮಣ್ಣು ಎರಡೂ ಬೆರೆತ ವಾಸನೆ. ನಾನು ಮೂಗಿಗೆ ಸೆರಗು ಹಿಡಿಯಲು ಹೋದವಳು ಹಾಗೇ ಕೈ ಇಳಿಸಿದೆ. ಐವತ್ತು ವರ್ಷದ ಹಿಂದೆ ಒಂದು ವರ್ಷವಿಡೀ ನಾನು ಇದೇ ವಾಸನೆಯಲ್ಲಿ ಉಸಿರಾಡಿದ್ದೆ. ಆ ವರ್ಷ ನನಗೆ ಆಗ ಅರ್ಥವಾಗಿರಲಿಲ್ಲ. ಈಗಲೂ ಪೂರ್ತಿ ಆಗಿದೆ ಎಂದು ಹೇಳಲಾರೆ.

ನನಗಾಗ ಹದಿನೆಂಟು. ಬಿಳಿಯರ ಆಳ್ವಿಕೆ ಇನ್ನೂ ಹತ್ತು ಹನ್ನೆರಡು ವರ್ಷ ಉಳಿದಿತ್ತು. ನನ್ನ ತವರು ಘೋಡಗೇರಿ, ಕೊಟ್ಟ ಮನೆ ಹತ್ತರಗಿ. ನಮ್ಮವರು ಕಾಲುವೆ ಖಾತೆಯಲ್ಲಿ ಓವರ್ಸಿಯರ್. ಹುಕ್ಕೇರಿಯ ಕಚೇರಿಯಲ್ಲಿದ್ದವರಿಗೆ ದಸರೆ ಮುಗಿದ ಮೇಲೆ ದಬದಬಿಗೆ ವರ್ಗವಾಯಿತು. ನಮ್ಮ ಕಡೆ ಜಲಪಾತಕ್ಕೆ ದಬದಬಿ ಎನ್ನುತ್ತಾರೆ. ಹೊಸ ಊರಿಗೆ ಹೋಗುವ ಗಂಡಸು ಮೊದಲು ತಾನು ಹೋಗಿ, ಮನೆ ಹಿಡಿದು, ಆರು ತಿಂಗಳೋ ವರ್ಷವೋ ಕಳೆದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವುದು ಆಗಿನ ರೂಢಿ. ನಮ್ಮತ್ತೆಯೂ ಹಾಗೇ ಹೇಳಿದರು.

"ನೀ ಮೊದಲ ಹೋಗು. ಯುಗಾದಿ ಆದ ಮ್ಯಾಲ ಸೊಸಿನ್ನ ಕಳಸತೇನಿ."

"ಇಲ್ಲವ್ವಾ, ಈಗ ಕರಕೊಂಡ ಹೊಕ್ಕೇನಿ" ಎಂದರು ಇವರು. ಅಷ್ಟು ಜನರ ಎದುರಿಗೆ. ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ದಬದಬಿ ಗಿರಣಿ ಕೆಲಸಗಾರರ ಊರು. ಆದರೆ ಅದು ಬೆಳಗಾವಿ, ಕೊಲ್ಲಾಪುರ, ಪುಣೆಯ ಕಡೆಯವರು ಹವಾ ತಿನ್ನಲು ಬರುವ ಊರೂ ಆಗಿತ್ತು. ಗುಡ್ಡದ ಮೇಲೆ ಸರಕಾರಿ ಬಂಗಲೆ, ಅದರ ಹಿಂದೆ ಸಾಹೇಬರು ಚೆಂಡಾಡುವ ಅಂಗಳ. ಮಳೆಗಾಲದಲ್ಲಿ ನೀರು ನೋಡುವವರು, ಚಳಿಗಾಲದಲ್ಲಿ ಗುಡ್ಡ ಹತ್ತುವವರು, ಬೇಸಿಗೆಯಲ್ಲಿ ಮಡುವಿನಲ್ಲಿ ಈಜುವವರು. ಕೆಲಸವಿಲ್ಲದೆ ಸುಮ್ಮನೆ ನಡೆಯುವ ಮನುಷ್ಯರನ್ನು ನಾನು ನೋಡಿದ್ದೇ ಅಲ್ಲಿ. ಘೋಡಗೇರಿಯಲ್ಲಿ ಯಾರಾದರೂ ನಡೆಯುತ್ತಿದ್ದರೆ ಅವರ ಮುಂದೆ ದನ ಇರುತ್ತಿತ್ತು, ಇಲ್ಲವೇ ತಲೆಯ ಮೇಲೆ ಹೊರೆ ಇರುತ್ತಿತ್ತು.

ನದಿಗೆ ಅಡ್ಡವಾಗಿ, ನೀರು ಧುಮುಕುವ ಅಂಚಿನ ಹತ್ತಿರವೇ, ತಂತಿಯ ಹಗ್ಗಗಳಿಗೆ ಹಲಗೆ ಕಟ್ಟಿದ ಒಂದು ತೂಗು ಪೂಲು, ಎಂದರೆ ತೂಗುಸೇತುವೆ, ಇತ್ತು. ಈಗಲೂ ಇದೆ. ನೀರಿನ ಮಟ್ಟ ಅಳೆಯುವ ಕಲ್ಲು ಆಚೆ ದಂಡೆಯಲ್ಲಿತ್ತು. ದಿನಾ ಬೆಳಿಗ್ಗೆ ಓವರ್ಸಿಯರ್ ತಾನೇ ಹೋಗಿ ಮಟ್ಟ ನೋಡಿ ಬರಬೇಕೆಂದು ಇವರ ಖಾತೆಯ ದೊಡ್ಡ ಸಾಹೇಬನ ಹುಕುಂ ಇತ್ತು.

ಬಂದ ಎರಡನೆಯ ದಿನವೇ ಇವರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು, "ನೀಲಾ, ತಯ್ಯಾರಾಗು. ಆಚಿ ದಂಡಿಗಿ ಮಹಾದೇವನ ಗುಡಿ ಐತಿ. ದರ್ಶನಾ ಮಾಡಕೊಂಡ ಬರೂನು" ಎಂದರು.

ನಾನು ಹಣ್ಣು ಕಾಯಿ ತಗೊಂಡು ಹೊರಟೆ. ದಾರಿಯಲ್ಲಿ ಎಲ್ಲ ಗಂಡಸರಂತೆ ಇವರೂ ಹತ್ತು ಮಾರು ಮುಂದೆ, ನಾನು ಹಿಂದೆ. ಪೂಲಿನ ಬುಡಕ್ಕೆ ಬಂದ ಕೂಡಲೇ ನಿಂತುಬಿಟ್ಟರು.

"ನೀ ಮುಂದ ನಡಿ."

"ನಾನ್ಯಾಕ್ರೀ ಮುಂದ?"

"ನಡಿ ಅಂದ್ರ ನಡಿ."

ನಡೆದೆ. ಪೂಲು ತೊಟ್ಟಿಲಿನಂತೆ ತೂಗಿತು. ಹಲಗೆಗಳ ಸಂದಿಯಲ್ಲಿ ಕೆಳಗೆ ಬಂಡೆ, ಬಂಡೆಯ ಮೇಲೆ ಬಿಳಿ ನೀರು. ಹಿಂದಿನಿಂದ ಇವರ ಕೈ ಬಂದು ನನ್ನ ಭುಜ ಹಿಡಿಯಿತು. ಹಾಡಹಗಲಲ್ಲಿ, ಮಂದಿ ನೋಡುವ ಜಾಗದಲ್ಲಿ! ನನ್ನ ಮುಖಕ್ಕೆ ರಕ್ತವೆಲ್ಲ ನುಗ್ಗಿತು. ತಿರುಗಿ ನೋಡಲಿಲ್ಲ. ಆಚೆ ದಂಡೆ ಮುಟ್ಟಿದ ಕೂಡಲೇ ಕೈ ತೆಗೆದರು. ಮಟ್ಟ ಬರೆದುಕೊಂಡರು, ಗುಡಿಗೆ ಹೋದೆವು. ಆಮೇಲೆ ಇವರು ಬೇರೆ ಮನುಷ್ಯನೇ ಆದರು. "ಬಾ, ಗುಡ್ಡಾ ಹತ್ತೂನು" ಎಂದು ಹುಡುಗರಂತೆ ಬಂಡೆಯಿಂದ ಬಂಡೆಗೆ ಹೆಜ್ಜೆ ಹಾಕಿದರು. ಸೀತಾಫಲ ಕಿತ್ತು ಅಂಗೈಯಲ್ಲೇ ಬಿಡಿಸಿ ಕೊಟ್ಟರು. ಮೇಲೆ ನಿಂತು, "ಆಕಡೆ ಹುಕ್ಕೇರಿ, ಈಕಡೆ ಮೂಡಲಗಿ. ಮಂಜ ಸರದ್ರ ನಿಮ್ಮೂರೂ ಕಂಡೀತು" ಎಂದು ಬೆರಳು ತೋರಿಸಿದರು. ನಾನು ಅಷ್ಟು ಎತ್ತರದಿಂದ ಲೋಕವನ್ನು ನೋಡಿದ್ದು ಅದೇ ಮೊದಲು. ಇಳಿದು ಮತ್ತೆ ಪೂಲಿನ ಹತ್ತಿರ ಬರುವಷ್ಟರಲ್ಲಿ ಇವರ ಮಾತು ನಿಂತಿತ್ತು. ಮತ್ತೆ ನಾನು ಮುಂದೆ, ಮತ್ತೆ ಭುಜದ ಮೇಲೆ ಕೈ. ಈಚೆ ಬಂದ ಮೇಲೆ ಸಿಡಿಮಿಡಿ. ನಾನು ಏನು ತಪ್ಪು ಮಾಡಿದೆನೋ ತಿಳಿಯಲಿಲ್ಲ.

ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ.

ನಮ್ಮ ಪಕ್ಕದ ಮನೆಯಲ್ಲಿ ಚಂಪಕ್ಕ ಇದ್ದರು. ಜೈನರು. ಗಂಡ ಗಿರಣಿಯ ಅರಿವೆ ಉಗ್ರಾಣದಲ್ಲಿ ಕೆಲಸಕ್ಕಿದ್ದ. ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುವ, ಬಾಯಿ ದೊಡ್ಡದಾದರೂ ಮನಸ್ಸು ಕೆಟ್ಟದಲ್ಲದ ಹೆಂಗಸು. ಒಂದು ತಿಂಗಳು ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟರು.

"ನೀಲವ್ವಾ, ದಿನಾ ದರ್ಶನಾ ಅಂದ್ರ ಮಹಾದೇವಗೂ ಬ್ಯಾಸರ ಆಗತೈತಿ. ಖರೆ ಹೇಳು, ನಿನ್ನ ಗಂಡ ಸಾಹೇಬ್ರನ್ನ ನೋಡಿ ಕಲತಾನೇನು?"

"ಏನ ಕಲೀತಾರ್ರೀ?"

"ಹೇಂತಿ ಕೈ ಹಿಡಕೊಂಡ ತಿರಗೂದು."

ಕೈ ಹಿಡಿಯುವುದು ಪೂಲಿನ ಮೇಲೆ ಮಾತ್ರ ಎಂದು ನಾನು ಹೇಗೆ ಹೇಳಲಿ? ನೆಲದ ಮೇಲೆ ನಾನು ಎಡವಿ ಬಿದ್ದರೂ ತಿರುಗಿ ನೋಡದ ಮನುಷ್ಯ ಪೂಲಿನ ಮೇಲೆ ನನ್ನ ಭುಜವನ್ನು ಉಗುರು ಊರುವಷ್ಟು ಹಿಡಿಯುತ್ತಿದ್ದರು. ಪ್ರೀತಿ ಎಂದುಕೊಂಡರೆ ನೋವು ಅದನ್ನು ಒಪ್ಪುತ್ತಿರಲಿಲ್ಲ. ಸಿಟ್ಟು ಎಂದುಕೊಂಡರೆ ಸೀತಾಫಲ ಬಿಡಿಸಿ ಕೊಡುವ ಬೆರಳು ನೆನಪಾಗುತ್ತಿತ್ತು. ಒಂದು ದಿನ ಪೂಲಿನ ಹಲಗೆಯೊಂದು ಕಟ್ಟು ಸಡಿಲಾಗಿ ನನ್ನ ಕಾಲ ಕೆಳಗೆ ಹೊರಳಿತು. ನಾನು ಹಗ್ಗ ಹಿಡಿದು ನಿಂತೆ. ಆ ಕ್ಷಣ ನನ್ನ ತಲೆಗೆ ಒಂದು ವಿಚಾರ ಹೊಳೆಯಿತು: ಹಲಗೆ ಮುರಿದರೆ ಮೊದಲು ಬೀಳುವವಳು ನಾನಾಗಲಿ ಎಂದು ಮುಂದೆ ಬಿಡುತ್ತಿರಬಹುದೇ? ಒಮ್ಮೆ ಹೊಳೆದ ಮೇಲೆ ಅದು ಹೋಗಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಎದ್ದು, ಸೀರೆ ಉಟ್ಟು, ಮುಂದೆ ನಡೆದೆ. ಆ ಕಡೆಯ ಗುಡ್ಡದ ಆಸೆಯೂ ಹತ್ತಿತ್ತು. ಚಳಿ ಹೆಚ್ಚಾದಂತೆ ಬಾರಿಹಣ್ಣು ಕೆಂಪಾದವು, ನವಿಲುಗಳು ಬಂಡೆಯ ಮೇಲೆ ಬಿಸಿಲು ಕಾಯಿಸಲು ಕೂರುತ್ತಿದ್ದವು. ನನ್ನ ಕಾಲು ಗಟ್ಟಿಯಾದವು. ಮಾಘಮಾಸದ ಹೊತ್ತಿಗೆ ಗುಡ್ಡ ಹತ್ತುವುದರಲ್ಲಿ ನಾನೇ ಮುಂದಾಗಿದ್ದೆ.

ಬೇಸಿಗೆ ಬಂತು. ದಬದಬಿಯಲ್ಲಿ ನೀರು ಸೊರಗಿ ಬಂಡೆಯ ಮೇಲೆ ಒಂದು ಬಿಳಿ ಎಳೆಯಷ್ಟೇ ಉಳಿಯಿತು. ಮೇಲ್ಗಡೆ ನದಿ ಒಡೆದು ಮಡುಗಳಾಯಿತು. ಬಂಗಲೆಯಲ್ಲಿ ಇಳಿದವರು ಸಂಜೆ ಅಲ್ಲಿ ಈಜುತ್ತಿದ್ದರು. ದೊಡ್ಡ ಸಾಹೇಬನ ಹೆಂಡತಿಯೂ ಈಜುತ್ತಿದ್ದಳು. ನಾವೆಲ್ಲ ಅವಳಿಗೆ ಮಡ್ಡಮ್ಮ ಎನ್ನುತ್ತಿದ್ದೆವು. ಇವರಿಗೆ ಅದನ್ನು ನೋಡಿ ಏನನ್ನಿಸಿತೋ, ಒಂದು ದಿನ ಕೇಳಿದರು.

"ನಿನಗ ಈಜ ಬರತೈತೇನು?"

"ಸಣ್ಣಾಕಿ ಇದ್ದಾಗ ಬಾವ್ಯಾಗ ಈಜತಿದ್ದೆ. ನಡಕ್ಕ ಕುಂಬಳಬುರುಡಿ ಕಟಗೊಂಡ ಕಲತದ್ದು."

"ಯಾರನ್ನರ ಹೊತಗೊಂಡ ಈಜಾಕ ಬರತೈತೇನು?"

"ಯಾರನ್ನ ಹೊರಬೇಕ್ರೀ?"

"ಸುಮ್ಮನ ಕೇಳಿದೆ."

ಮರುದಿನ ಬೆಳಕು ಹರಿಯುವ ಮೊದಲೇ ಯಾರೂ ಬಾರದ ಒಂದು ಮಡುವಿಗೆ ಕರೆದುಕೊಂಡು ಹೋದರು. ಕಚ್ಚೆ ಬಿಗಿದು ನೀರಿಗಿಳಿದೆ. ಆರು ವರ್ಷದಿಂದ ಮರೆತಿದ್ದ ಮೈ ಎರಡು ಸಲ ಕೈ ಬೀಸುವಷ್ಟರಲ್ಲಿ ಎಲ್ಲವನ್ನೂ ನೆನಪು ಮಾಡಿಕೊಂಡಿತು. ನಾನು ನಗುತ್ತಿದ್ದೆ. ನೀರಿನೊಳಗೆ ಒಬ್ಬಳೇ ನಗುತ್ತಿದ್ದೆ. ಇವರು ಕೋಟು ಬಿಚ್ಚದೆ, ಬೂಟು ಬಿಚ್ಚದೆ ಬಂಡೆಯ ಮೇಲೆ ಕುಳಿತಿದ್ದರು. "ಇಳೀರಿ, ಬರ್ರಿ, ನಾ ಹಿಡಕೋತೇನಿ" ಎಂದೆ. ತಲೆ ಅಲ್ಲಾಡಿಸಿದರು. ಒಂದು ಕಟ್ಟಿಗೆಯ ತುಂಡನ್ನು ಎಸೆದು, "ಅದನ್ನ ಎಳಕೊಂಡ ದಂಡಿಗಿ ಬಾ" ಎಂದರು. ತಂದೆ. ಮರುದಿನ ಅದಕ್ಕಿಂತ ದೊಡ್ಡ ತುಂಡು. ಹೀಗೆ ಇಡೀ ವೈಶಾಖ ನಾನು ಕಟ್ಟಿಗೆ ಎಳೆದೆ. ಇದು ಆಟವೋ ಪರೀಕ್ಷೆಯೋ ತಿಳಿಯದು. ನನಗೆ ಮಾತ್ರ ಅಷ್ಟು ಸುಖದ ತಿಂಗಳು ಅದಕ್ಕೂ ಮೊದಲು ಇರಲಿಲ್ಲ. ಸುಖಪಡುವುದು ತಪ್ಪೇನೋ ಎಂಬ ಅಳುಕು ಬೇರೆ. ಒದ್ದೆ ಸೀರೆಯನ್ನು ಚಂಪಕ್ಕ ನೋಡಬಾರದೆಂದು ಅಡುಗೆ ಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ.

ಮಿರಗಾ, ಎಂದರೆ ಮೃಗಶಿರಾ ಮಳೆ, ಹೂಡಿದ ಮೇಲೆ ನದಿ ಬಂತು. ಒಂದು ವಾರದಲ್ಲಿ ಮಡುಗಳೆಲ್ಲ ಮುಳುಗಿ, ದಂಡೆಯಿಂದ ದಂಡೆಗೆ ಕೆಂಪು ನೀರು ಒಂದೇ ಹಾಳೆಯಾಗಿ ಧುಮುಕತೊಡಗಿತು. ಮನೆಯೊಳಗೆ ಪಾತ್ರೆಗಳು ತಾವಾಗಿಯೇ ನಡುಗುತ್ತಿದ್ದವು. ಎದುರಿಗೆ ನಿಂತವರ ಜೊತೆ ಮಾತಾಡಲೂ ಕೂಗಬೇಕು. ಪೂಲು ಹನಿಗಳ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಕಾಣುತ್ತಿರಲಿಲ್ಲ. ಇವರಿಗೆ ಊಟ ಸೇರುತ್ತಿರಲಿಲ್ಲ. ನೀರು ನೋಡುವ ಮಂದಿ ದಿನಾ ಬರುತ್ತಿದ್ದರು. ಅವರ ಎದುರಿಗೆ ಗಂಡನ ಕೈ ಭುಜದ ಮೇಲೆ ಹೊತ್ತು ನಡೆಯುವುದು ನನಗೆ ಬೇಡವಾಯಿತು. ಓವರ್ಸಿಯರನ ಹೆಂಡತಿಗೆ ಮಡ್ಡಮ್ಮನಾಗುವ ಹುಚ್ಚು ಹಿಡಿದಿದೆ ಎಂದು ಓಣಿಯಲ್ಲಿ ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಇವರು ಒಳಗೆ ಬಂದು ನಿಂತರು. ಮುಖ ಬಿಳಿಚಿತ್ತು.

"ಇವತ್ತ ದೊಡ್ಡ ಸಾಹೇಬ ಪಾವಣ್ಯಾರನ್ನ ಕರಕೊಂಡ ಬರಾಕತ್ತಾನ. ನಾನ ಅವರನ್ನ ಆಚಿ ದಂಡಿಗಿ ಕರಕೊಂಡ ಹೋಗಬೇಕಂತ. ನೀನೂ ಬಾ."

"ಸಾಹೇಬ್ರ ಜೋಡಿ ನಾ ಯಾಕ್ರೀ? ಮಂದಿ ಏನಂದಾರು?"

"ಬಾ ನೀಲಾ."

"ಒಲ್ಲೆ. ಹತ್ತ ತಿಂಗಳಾತು, ನೀವು ಹೇಳಿದಂಗ ನಡದೇನಿ. ಇವತ್ತ ಒಲ್ಲೆ."

ನಾನು ಒಲ್ಲೆ ಎಂದದ್ದು ಅದೇ ಮೊದಲು. ಇವರು ಬಯ್ಯಲಿಲ್ಲ. ಟೊಪ್ಪಿಗೆ ತೆಗೆದುಕೊಂಡು ಹೋದರು. ಬಯ್ದಿದ್ದರೆ ಚೆನ್ನಾಗಿತ್ತು. ಒಲೆಯ ಮುಂದೆ ಕೂತರೂ ರೊಟ್ಟಿ ತಟ್ಟಲು ಕೈ ಬರಲಿಲ್ಲ. ಎದ್ದು ದಂಡೆಗೆ ಹೋದೆ. ಅಲ್ಲಿ ಚಂಪಕ್ಕ ಸೇರಿ ಓಣಿಯ ಅರ್ಧ ಮಂದಿ ಸಾಹೇಬರನ್ನು ನೋಡಲು ನಿಂತಿದ್ದರು.

ಇವರು ಎಲ್ಲರಿಗಿಂತ ಮುಂದಿದ್ದರು. ಹಿಂದೆ ದೊಡ್ಡ ಸಾಹೇಬ, ಅವನ ಹಿಂದೆ ಮಡ್ಡಮ್ಮ, ಆಮೇಲೆ ಮೂವರು ಅತಿಥಿಗಳು. ಪೂಲಿನ ಮೇಲೆ ಒಬ್ಬೊಬ್ಬರಾಗಿ ಹೋದರು. ಇವರ ಹೆಜ್ಜೆ ಮೊದಲು ಸರಿಯಾಗಿತ್ತು. ಆಮೇಲೆ ನಿಧಾನವಾಯಿತು. ನಡುವೆ, ಕೆಳಗೆ ನೀರು ತಿರುವಿಕೊಂಡು ಧುಮುಕುವ ಕಡೆ, ನಿಂತರು. ಎರಡೂ ಕಡೆಯ ಹಗ್ಗ ಹಿಡಿದರು. ನೋಡುತ್ತಿದ್ದಂತೆ ಮೆಲ್ಲಗೆ ಹಲಗೆಯ ಮೇಲೆ ಕುಳಿತುಬಿಟ್ಟರು.

ಸಾಹೇಬ ಬಾಗಿ ಏನೋ ಹೇಳಿದ. ಇವರು ಏಳಲಿಲ್ಲ. ಸಾಹೇಬ ಭುಜ ಅಲುಗಿಸಿದ. ಏಳಲಿಲ್ಲ. ಹಿಂದಿನವರು ಮುಂದೆ ಹೋಗುವಂತಿಲ್ಲ. ಪೂಲು ಮಾತ್ರ ತೂಗುತ್ತಿತ್ತು. ದಂಡೆಯ ಮೇಲಿನ ಯಾರೋ ನಕ್ಕರು.

ನಾನು ಯಾವಾಗ ಸೆರಗು ನಡುವಿಗೆ ಸಿಕ್ಕಿಸಿದೆ, ಯಾವಾಗ ಪೂಲು ಹತ್ತಿದೆ, ಒಂದೂ ನೆನಪಿಲ್ಲ. ಅತಿಥಿಗಳು ಹಗ್ಗಕ್ಕೆ ಒತ್ತಿ ದಾರಿ ಬಿಟ್ಟರು. ಮಡ್ಡಮ್ಮ ನನ್ನ ತೋಳು ಮುಟ್ಟಿ ಏನೋ ಅಂದಳು. ನೀರಿನ ಸದ್ದಿನಲ್ಲಿ ಅವಳ ತುಟಿ ಅಲುಗಿದ್ದು ಮಾತ್ರ ಕಂಡಿತು. ಸಾಹೇಬನೂ ಸರಿದ. ಇವರ ಹತ್ತಿರ ಬಂದೆ. ಕಣ್ಣು ಮುಚ್ಚಿಕೊಂಡಿದ್ದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅದು ದಬದಬಿಯ ಹನಿಯೋ ಬೇರೆಯೋ ಗೊತ್ತಾಗಲಿಲ್ಲ.

ಇವರನ್ನು ಎಬ್ಬಿಸಬೇಕೆಂದರೆ ನಾನು ಮುಂದೆ ಹೋಗಿ ನಿಲ್ಲಬೇಕು. ಮುಂದೆ ಹೋಗಬೇಕೆಂದರೆ ಇವರನ್ನು ದಾಟಬೇಕು. ಗಂಡನನ್ನು ದಾಟುವುದು! ಮಲಗಿದ ಗಂಡನ ಕಾಲನ್ನೂ ದಾಟದ ಮನೆಯಲ್ಲಿ ಬೆಳೆದವಳು ನಾನು. ಈಚೆ ದಂಡೆಯ ಮಂದಿ, ಆಚೆ ದಂಡೆಯ ಮಹಾದೇವ, ಎಲ್ಲರೂ ನೋಡುತ್ತಿರುವಾಗ ಹಗ್ಗ ಹಿಡಿದು, ಸೀರೆಯ ನೆರಿಗೆ ಎತ್ತಿ, ಅವರ ಚಾಚಿದ ಕಾಲನ್ನು ದಾಟಿದೆ. ಬಾಗಿ ಕಿವಿಯ ಹತ್ತಿರ ಕೂಗಿದೆ.

"ನಾ ಬಂದೇನ್ರೀ. ನೀರ ನೋಡಬ್ಯಾಡ್ರಿ. ನನ್ನ ಬೆನ್ನ ನೋಡ್ರಿ."

ಕಣ್ಣು ತೆರೆದರು. ನಾನು ನಡುವಿಗೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಅದರ ತುದಿಯನ್ನು ಅವರ ಕೈಗೆ ಕೊಟ್ಟೆ. ಹಿಡಿದುಕೊಂಡರು. ಎದ್ದರು. ನಾನು ತಿರುಗಿ ನಡೆದೆ. ಸೆರಗು ಬಿಗಿಯಾದಾಗ ನಿಂತೆ, ಸಡಿಲಾದಾಗ ನಡೆದೆ. ಹಾಗೇ ಆಚೆ ದಂಡೆ ಮುಟ್ಟಿದೆವು. ಹಿಂದೆ ದಿಂಡಿಯ ಮೆರವಣಿಗೆಯಂತೆ ಸಾಹೇಬನ ಮಂದಿ.

ಸಾಹೇಬ ನೀರು ನೋಡಿದ. ಚಿತ್ರ ತೆಗೆದ. ಆಮೇಲೆ ಇವರ ಹತ್ತಿರ ಬಂದು ಇಂಗ್ಲೀಷಿನಲ್ಲಿ ಒಂದು ಮಾತು ಹೇಳಿದ. ಒಂದೇ ಮಾತು. ಇವರು "ಯಸ್ ಸರ್" ಎಂದರು. ಮರಳುವಾಗಲೂ ನಾನು ಮುಂದೆ, ಸೆರಗು ಹಿಡಿದು ಇವರು ಹಿಂದೆ.

ಸಂಜೆಯೊಳಗೆ ಇವರಿಗೆ "ಸೆರಗಿನ ಓವರ್ಸಿಯರ್" ಎಂದು ಹೆಸರಾಯಿತು.

ಎಂಟು ದಿನ ಇವರು ನನ್ನ ಜೊತೆ ಮಾತಾಡಲಿಲ್ಲ. ಕೆಲಸವೇನೂ ಹೋಗಲಿಲ್ಲ. ಮಟ್ಟ ನೋಡಲು ಬೇರೆಯವರನ್ನು ಹಾಕಿದರು. ನಾನು ಇವರನ್ನು ಉಳಿಸಿದೆನೋ ಮಾನ ಕಳೆದೆನೋ ತಿಳಿಯದೆ ಒದ್ದಾಡಿದೆ. ಹೋಗದಿದ್ದರೆ ಮತ್ಯಾರೋ ಎಬ್ಬಿಸುತ್ತಿದ್ದರು. ಅಥವಾ ಅವರೇ ಏಳುತ್ತಿದ್ದರು. ಮೊದಲೇ ಜೊತೆಗೆ ಹೋಗಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಯಾವ ಕಡೆಯಿಂದ ನೋಡಿದರೂ ತಪ್ಪು ನನ್ನದೇ ಅನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಸಿಟ್ಟು ಬಂದು, ಅವರದೇ ಅನ್ನಿಸುತ್ತಿತ್ತು.

ಒಂಬತ್ತನೆಯ ದಿನ ಊಟಕ್ಕೆ ಕುಳಿತವರು ರೊಟ್ಟಿ ಮುರಿಯದೆ ಕೇಳಿದರು.

"ಯಾಕ ಬಂದಿ?"

"ನೀವ ಬಾ ಅಂದಿದ್ರಲ್ಲ?"

"ಅವಾಗ ಒಲ್ಲೆ ಅಂದಿ. ಆಮ್ಯಾಲ ಯಾಕ ಬಂದಿ?"

ನಾನು ತಾಟಿಗೆ ಪಲ್ಯ ನೀಡಿದೆ. ಇವರೇ ಮುಂದುವರಿಸಿದರು. "ಮೊದಲನೇ ದಿನದಿಂದ ನಾ ಕಣ್ಣ ಮುಚಕೊಂಡ ದಾಟೇನಿ ನೀಲಾ. ನಿನ್ನ ಹೆಗಲ ಹಿಡಕೊಂಡ, ನಿನ್ನ ಹೆಜ್ಜಿ ಎಣಿಸಿಕೋತ. ಎಲ್ಲೆರ ಬಿದ್ರ ನೀ ಎಳಕೊಂಡ ಬರತಿ ಅಂತ ಧೈರ್ಯಕ್ಕ ಈಜಸಿ ನೋಡಿದೆ."

"ಅವತ್ತ ಹೇಳಬೇಕಿಲ್ಲರೀ?"

"ಹೇಂತಿ ಮುಂದ ಹೆಂಗ ಹೇಳಲಿ?"

"ಯಾಕ ಅಷ್ಟ ಅಂಜಿಕಿ? ಸಣ್ಣವರಿದ್ದಾಗ ಎಲ್ಲೆರ ಬಿದ್ದಿದ್ರೇನು?"

"ಇಲ್ಲ. ಏನೂ ಆಗಿಲ್ಲ. ಯಾಕಂತ ನನಗೂ ಗೊತ್ತಿಲ್ಲ."

ಆಗ ನನ್ನ ಬಾಯಿಂದಲೂ ಅದು ಬಿದ್ದುಹೋಯಿತು. "ನಾ ಬ್ಯಾರೆ ತಿಳದಿದ್ದೆ. ಹಲಗಿ ಮುರದ್ರ ನಾನ ಮೊದಲ ಬೀಳಲಿ ಅಂತ ಮುಂದ ಬಿಡತೀರಿ ಅಂತ ತಿಳದಿದ್ದೆ."

ಇವರ ಕೈಯಲ್ಲಿನ ರೊಟ್ಟಿ ತಾಟಿಗೆ ಬಿತ್ತು.

"ಹಂಗ ತಿಳಕೊಂಡ ಇಷ್ಟ ದಿನಾ ನನ್ನ ಮುಂದ ನಡದೀಯೇನು?"

"ಹೂಂ."

"ಮತ್ತ ಯಾಕ ನಡದಿ?"

ಇಬ್ಬರೂ ಊಟ ಬಿಟ್ಟು ಎದ್ದೆವು.

ಗಣಪತಿ ಹಬ್ಬದ ಹೊತ್ತಿಗೆ ಇವರು ತಾವೇ ಅರ್ಜಿ ಬರೆದು ಮೂಡಲಗಿಗೆ ವರ್ಗ ಮಾಡಿಸಿಕೊಂಡರು. ಅಲ್ಲಿ ಕುಳಿತು ಬರೆಯುವ ಕೆಲಸ, ಸುತ್ತ ಸಮ ನೆಲ, ಪೂಲೂ ಇಲ್ಲ ಗುಡ್ಡವೂ ಇಲ್ಲ. ನನ್ನನ್ನು ಕೇಳಲಿಲ್ಲ. ನಾನು ಗಂಟು ಕಟ್ಟುತ್ತ ಅತ್ತುಬಿಟ್ಟೆ. ಇವರ ಅವಮಾನಕ್ಕೆ ಅಳುತ್ತಿದ್ದೇನೆ ಎಂದು ಚಂಪಕ್ಕ ತಿಳಿದು ಬಂದು ಪಕ್ಕದಲ್ಲಿ ಕುಳಿತರು. ಗುಡ್ಡ ಬಿಟ್ಟು ಹೋಗಬೇಕಲ್ಲ ಎಂದು ಅಳುತ್ತಿದ್ದೇನೆ ಎಂದು ಹೇಳಿದೆ. ಅವರು ಬಾಗಿಲ ಕಡೆ ನೋಡಿ, ದನಿ ಇಳಿಸಿ ಕೇಳಿದರು.

"ನೀಲವ್ವಾ, ಮ್ಯಾಲಿಂದ ಏನೇನ ಕಾಣತೈತಿ? ನಾ ಇಲ್ಲಿಗಿ ಬಂದು ಆರ ವರ್ಷಾತು. ಒಂದ ಸರತಿನೂ ಆಚಿ ದಂಡಿ ನೋಡಿಲ್ಲ."

ಹೊರಡುವ ಹಿಂದಿನ ದಿನ ಬೆಳಿಗ್ಗೆ ಚಂಪಕ್ಕನನ್ನು ಕರೆದುಕೊಂಡು ಪೂಲು ದಾಟಿದೆ. ಒಂದೊಂದು ಹಲಗೆಗೂ "ಅಗ ಬಾಯಿ, ಅಗ ಬಾಯಿ" ಎಂದು ಕಿರುಚುತ್ತ, ನಗುತ್ತ ಬಂದರು. ಗುಡ್ಡದ ಮೇಲೆ ಕುಳಿತು ಇಬ್ಬರೂ ಬುತ್ತಿ ಬಿಚ್ಚಿ ಉಂಡೆವು. ಇಳಿಯಲು ಅವರಿಗೆ ಮನಸ್ಸೇ ಬರಲಿಲ್ಲ.

ಸಾಹೇಬ ಆ ದಿನ ಇಂಗ್ಲೀಷಿನಲ್ಲಿ ಏನು ಹೇಳಿದ ಎಂದು ನಾನು ಇವರನ್ನು ಜೀವಮಾನವಿಡೀ ಕೇಳಿದೆ. ಒಮ್ಮೆ, "ನಿನ್ನ ಹೇಂತಿ ಭಾಳ ಧೈರ್ಯದಾಕಿ ಅಂದ" ಎಂದರು. ಇನ್ನೊಮ್ಮೆ, "ನೀ ಈ ಕೆಲಸಕ್ಕ ಲಾಯಕ ಅಲ್ಲ ಅಂದ" ಎಂದರು. ಮುದುಕರಾದ ಮೇಲೆ ಒಂದು ಸಲ, "ನನಗೂ ಅಂಜಿಕಿ ಆಗತಿತ್ತು ಅಂದ" ಎಂದರು. ಇವುಗಳಲ್ಲಿ ಯಾವುದು ಖರೆ ಎಂದು ತಿಳಿಯುವ ಮೊದಲೇ ಇವರು ಹೋಗಿಬಿಟ್ಟರು.

ಮೂಡಲಗಿಗೆ ಹೋದ ಮೊದಲ ಸಂಜೆ ನಾನು ಹೊಸ ಮನೆಯ ಒಲೆ ಸಾರಿಸುತ್ತಿದ್ದೆ. ಮಳೆ ಬಿಟ್ಟು ಬಿಸಿಲು ಹಳದಿಯಾಗಿತ್ತು. ಇವರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತರು.

"ನೀಲಾ, ತಯ್ಯಾರಾಗು. ತಿರಗ್ಯಾಡಿ ಬರೂನು."

ನನಗೆ ಅರ್ಥವಾಗಲಿಲ್ಲ. "ಎಲ್ಲಿಗ್ರೀ? ಇಲ್ಲಿ ಪೂಲಿಲ್ಲ, ನದಿ ಇಲ್ಲ. ನಾ ಯಾಕ ಬೇಕು?"

ಇವರು ಹೊರಗೆ ನೋಡಿದರು. "ಗೊತ್ತಿಲ್ಲ. ಒಬ್ಬನ ಹೊಂಟಿದ್ದೆ. ಓಣಿ ತುದಿತನಾ ಹೋಗಿ ಹೊಳ್ಳಿ ಬಂದೆ."

ಕೈ ತೊಳೆದುಕೊಂಡು ಹೊರಟೆ. ರೂಢಿಯಂತೆ ಹತ್ತು ಮಾರು ಹಿಂದೆ ಉಳಿಯಲು ನಿಂತೆ. ಇವರೂ ನಿಂತರು. ನಾನು ಬರುವವರೆಗೆ ನಿಂತು, ಪಕ್ಕಕ್ಕೆ ಬಂದ ಮೇಲೆ ನಡೆದರು. ಕಟ್ಟೆಯ ಮೇಲಿನ ಮುದುಕರು ಮಾತು ನಿಲ್ಲಿಸಿ ನೋಡಿದರು. ಊರು ದಾಟಿ, ಮೆಕ್ಕೆಜೋಳದ ಹೊಲಗಳ ನಡುವಿನ ಬಂಡಿದಾರಿಯಲ್ಲಿ, ನಾನು ಒಂದು ಗಾಲಿಯ ಜಾಡಿನಲ್ಲಿ, ಇವರು ಇನ್ನೊಂದರಲ್ಲಿ, ಕತ್ತಲಾಗುವವರೆಗೆ ಸುಮ್ಮನೆ ನಡೆದೆವು.